ಕೊಡೋ ಸೀರೆ, ಉಡೋ ಸೀರೆ

ಆಷಾಢ ಹುಟ್ಟಿತೆಂದರೆ ಹೊಸದುರ್ಗಕ್ಕೆ ಎರಡು ಬರುತ್ತವೆ, ಗಾಳಿ ಮತ್ತು ರಿಯಾಯಿತಿ. ಗಾಳಿ ಪಡುವಣದಿಂದ ಬಂದು ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ತಿರುಗಿಸಿ, ತೆಂಗಿನ ಗರಿ ಕೆಡವಿ, ಒಣಹಾಕಿದ ಬಟ್ಟೆಯನ್ನು ಪಕ್ಕದ ಮನೆಯವರ ಹಿತ್ತಲಿಗೆ ಒಯ್ದು ಹಾಕುತ್ತದೆ. ರಿಯಾಯಿತಿ ಆಟೋದಲ್ಲಿ ಬರುತ್ತದೆ. ಮೇಲೆ ಮೈಕು, ಹಿಂದೆ ಫ್ಲೆಕ್ಸು, ಒಳಗೆ ರೆಕಾರ್ಡು ಮಾಡಿಟ್ಟ ಹೆಣ್ಣುದನಿ: ‘ಬನ್ನಿ ಬನ್ನಿ, ಯಾವುದೇ ಸೀರೆ ತಗೊಳ್ಳಿ, ಯಾವುದೇ ಷರ್ಟು ತಗೊಳ್ಳಿ…’ ಗಾಳಿ ಜೋರಿದ್ದ ದಿನ ‘ರೂಪಾಯಿ ಮಾತ್ರ’ ಎನ್ನುವುದಷ್ಟೇ ಕಿವಿಗೆ ಬೀಳುತ್ತದೆ. ಎಷ್ಟು ರೂಪಾಯಿ ಎಂಬುದು ಹಿರಿಯೂರಿನ ಕಡೆ ಹಾರಿಹೋಗಿರುತ್ತದೆ.

ಮಾರಾಟ ನಡೆಯುವುದು ಕಲ್ಯಾಣ ಮಂಟಪದಲ್ಲಿ. ಈ ಏರ್ಪಾಡು ಮೊದಲು ಯಾರಿಗೆ ಹೊಳೆಯಿತೋ, ಅವರಿಗೊಂದು ಶಾಲು ಹೊದಿಸಬೇಕು. ಆಷಾಢದಲ್ಲಿ ಮದುವೆ ಕೂಡದು, ಹಾಗಾಗಿ ಮಂಟಪ ಖಾಲಿ. ಮದುವೆಯಿಲ್ಲದ ಮೇಲೆ ಜವಳಿ ವ್ಯಾಪಾರವೂ ಖಾಲಿ. ಎರಡು ಖಾಲಿ ಸೇರಿ ಒಂದು ಜಾತ್ರೆಯಾಗುತ್ತದೆ. ವಧೂವರರನ್ನು ಕೂರಿಸುವ ವೇದಿಕೆಯ ಮೇಲೆ ಮಕ್ಕಳ ಫ್ರಾಕು, ಚಡ್ಡಿ. ಬೀಗರು ಕೂರುವ ಸಾಲಿನಲ್ಲಿ ಸೂರತ್ತಿನ ಸೀರೆ. ಊಟದ ಹಾಲಿನ ಉದ್ದನೆಯ ಟೇಬಲ್ಲುಗಳ ಮೇಲೆ, ಎಲೆ ಹಾಕುವ ಜಾಗದಲ್ಲಿ, ತಿರುಪ್ಪೂರಿನ ಬನಿಯನ್ನು, ಬಳ್ಳಾರಿಯ ಜೀನ್ಸು, ಎಲ್ಲಿಯದೆಂದು ಯಾರೂ ಕೇಳದ ಟವೆಲ್ಲು. ವರನ ಕೋಣೆಯಲ್ಲಿ ಪ್ಯಾಂಟು ಹಾಕಿ ನೋಡಬಹುದು. ವಧುವಿನ ಕೋಣೆಗೆ ಬೀಗ, ಅಲ್ಲಿ ಗಲ್ಲಾ ಪೆಟ್ಟಿಗೆ.

ಗಿರಾಕಿಗಳನ್ನು ಒದಗಿಸಿಕೊಡುವುದೂ ಆಷಾಢವೇ. ಹೊಸದಾಗಿ ಮದುವೆಯಾದ ಹುಡುಗಿ ಈ ತಿಂಗಳು ತವರಿನಲ್ಲಿರುತ್ತಾಳೆ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂಬ ಶಾಸ್ತ್ರ. ತಾಯಿ ಮಗಳಿಗೆ ಹೊತ್ತು ಹೋಗಬೇಕು. ಶ್ರಾವಣದಲ್ಲಿ ವಾಪಸು ಕಳಿಸುವಾಗ ಅತ್ತೆಗೆ, ನಾದಿನಿಗೆ, ವಾರಗಿತ್ತಿಗೆ ಏನೇನು ಕೊಡಬೇಕೆಂಬ ಪಟ್ಟಿ ತಲೆಯಲ್ಲಿ ಓಡುತ್ತಿರುತ್ತದೆ. ‘ಸುಮ್ನೆ ನೋಡ್ಕಂಡ್ ಬರಾಣ ಬಾ’ ಎಂದು ಹೊರಡುತ್ತಾರೆ. ಸುಮ್ಮನೆ ನೋಡಿಕೊಂಡು ಬಂದವರನ್ನು ನಾನಿನ್ನೂ ಕಂಡಿಲ್ಲ.

ನಮ್ಮ ಮನೆಯವರ ಲೆಕ್ಕದಲ್ಲಿ ಲೋಕದ ಸೀರೆಗಳೆಲ್ಲ ಎರಡೇ ಜಾತಿ: ಉಡೋ ಸೀರೆ, ಕೊಡೋ ಸೀರೆ. ಉಡೋ ಸೀರೆಗೆ ದಾವಣಗೆರೆಗೇ ಹೋಗಬೇಕು. ಬಿ.ಎಸ್. ಚನ್ನಬಸಪ್ಪ ಅಂಡ್ ಸನ್ಸ್‌ನಲ್ಲಿ ಅರ್ಧ ದಿನ ಕೂರಬೇಕು, ಬಿಚ್ಚಿಸಿದ ಸೀರೆ ಎದುರಿಗೆ ಗುಡ್ಡೆ ಬೀಳಬೇಕು, ನಡುವೆ ಎದ್ದು ಹೋಗಿ ಬೆಣ್ಣೆದೋಸೆ ತಿನ್ನಬೇಕು, ಮರಳಿ ಬಂದು ಬೆಳಿಗ್ಗೆ ಮೊಟ್ಟಮೊದಲು ತೋರಿಸಿದ್ದನ್ನೇ ಕಟ್ಟಿಸಬೇಕು. ಕೊಡೋ ಸೀರೆಗೆ ಈ ತಾಪತ್ರಯವಿಲ್ಲ. ಅದು ಕವರಿನಲ್ಲಿ ಚೆನ್ನಾಗಿ ಕಂಡರೆ ಸಾಕು. ಬಿಚ್ಚಿದರೆ ಒಳಗೆ ಹೇಗಿದೆಯೋ ಕೊಟ್ಟವರಿಗೂ ಗೊತ್ತಿಲ್ಲ, ಇಸಿದುಕೊಂಡವರಿಗೂ ಗೊತ್ತಿಲ್ಲ, ಏಕೆಂದರೆ ಅದನ್ನು ಬಿಚ್ಚುವವರೇ ಇಲ್ಲ. ಗೃಹಪ್ರವೇಶದಲ್ಲಿ ಬಂದದ್ದು ನಾಮಕರಣಕ್ಕೆ ಹೋಗುತ್ತದೆ, ನಾಮಕರಣದ್ದು ಸೀಮಂತಕ್ಕೆ. ಕುಬುಸದ ಕಣದ ಸಂಚಾರವಂತೂ ಇನ್ನೂ ದೊಡ್ಡದು. ವರಮಹಾಲಕ್ಷ್ಮಿಯ ದಿನ ಅರಿಶಿನ ಕುಂಕುಮದ ಜೊತೆ ಹೊರಟ 80 ಸೆಂಟಿಮೀಟರ್ ಬಟ್ಟೆ ನವರಾತ್ರಿಗೆ ಹೊಳಲ್ಕೆರೆ ಮುಟ್ಟಿ, ಸಂಕ್ರಾಂತಿಗೆ ಚಿತ್ರದುರ್ಗ ಕಂಡು, ಯುಗಾದಿಯೊಳಗೆ ಹೊರಟ ಮನೆಗೇ ಮರಳಿದ್ದುಂಟು. ನಮ್ಮಕ್ಕ ತಾನೇ ಕೊಟ್ಟಿದ್ದ ಕಣವನ್ನು ತಾನೇ ಇಸಿದುಕೊಂಡು, ‘ಬಣ್ಣ ಚೆನ್ನಾಗೈತೆ ಕಣೇ, ಎಲ್ ತಗಂಡೆ?’ ಎಂದು ಕೇಳಿದವಳು.

ಆಷಾಢದ ರಿಯಾಯಿತಿ ನಿಂತಿರುವುದು ಈ ಕೊಡೋ ಸೀರೆಯ ಮೇಲೆಯೇ ಎಂದು ನನಗೆ ಬಹುಕಾಲದಿಂದ ಅನುಮಾನ. ತಾವೇ ಉಡುವುದಾದರೆ ಹೆಂಗಸರು ಸೆರಗು, ನೆರಿಗೆ, ಅಂಚು, ಒಗೆದರೆ ಬಣ್ಣ ಬಿಡುವುದೋ ಇಲ್ಲವೋ ಎಂಬುದನ್ನೆಲ್ಲ ಪೊಲೀಸರ ಹಾಗೆ ವಿಚಾರಿಸುತ್ತಾರೆ. ಕೊಡುವುದಾದರೆ ಕೇಳುವುದು ಒಂದೇ: ಇದರ ಮೇಲೆ ಎಷ್ಟು ರೂಪಾಯಿ ಅಂತ ಬರೆದಿದೆ? 1,200 ಎಂದು ಬರೆದದ್ದನ್ನು 600ಕ್ಕೆ ತಂದು, 1,200ರ ಚೀಟಿ ಹಾಗೇ ಬಿಟ್ಟು ಕೊಟ್ಟರೆ, ಕೊಟ್ಟವರ ಮರ್ಯಾದೆ 1,200, ಖರ್ಚು 600. ಮಿಕ್ಕ 600 ಅಂಗಡಿಯವನು ಕೊಟ್ಟ ಮರ್ಯಾದೆ. ಇಸಿದುಕೊಂಡವರೂ ಆಷಾಢದಲ್ಲಿ ಅದೇ ಮಂಟಪಕ್ಕೆ ಹೋಗಿದ್ದವರೇ, ಅವರಿಗೂ ನಿಜ ಗೊತ್ತು. ಆದರೆ ಅವರು ಬಾಯಿ ಬಿಡುವುದಿಲ್ಲ. ಮುಂದಿನ ತಿಂಗಳು ಅದೇ ಚೀಟಿಯನ್ನು ಅವರೂ ಬೇರೊಬ್ಬರಿಗೆ ತೋರಿಸಬೇಕಲ್ಲ.

ಫ್ಲೆಕ್ಸಿನಲ್ಲಿ ‘50’ ಎಂಬ ಅಂಕಿ ಆಳುದ್ದ ಇರುತ್ತದೆ. ಅದರ ಪಕ್ಕದಲ್ಲಿ ‘ರವರೆಗೆ’ ಎಂದು ಇರುವೆಯಷ್ಟು ಅಕ್ಷರ. ನಮ್ಮೂರಿನವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೆಂಗಳೂರು ಹುಬ್ಬಳ್ಳಿ ರೈಲು ಮಾರ್ಗದಲ್ಲಿ ‘ಹೊಸದುರ್ಗ ರೋಡ್’ ಅಂತೊಂದು ಸ್ಟೇಷನ್ ಇದೆ. ಹೊಸದುರ್ಗ ಬಂತೆಂದು ಇಳಿದ ಪರ ಊರಿನ ನೆಂಟರು ಆಮೇಲೆ ಬಸ್ಸಿಗೆ ಕಾದು, ಮೈಲಿಗಟ್ಟಲೆ ಬಂದು ಊರು ಸೇರುತ್ತಾರೆ. ಆ ‘ರೋಡ್’ ಏನು ಕೆಲಸ ಮಾಡುತ್ತದೋ ಈ ‘ರವರೆಗೆ’ಯೂ ಅದೇ ಕೆಲಸ ಮಾಡುತ್ತದೆ.

ಲೆಕ್ಕದ ಗುಟ್ಟು ಸಣ್ಣದು. 300 ರೂಪಾಯಿಗೆ ತಂದ ಮಾಲಿಗೆ 1,200ರ ಚೀಟಿ ಅಂಟಿಸಿದವನಿಗೆ ಅರ್ಧ ಬಿಡುವುದು ಕಷ್ಟವೇ? ಕೆಲವೊಮ್ಮೆ ಉಗುರಲ್ಲಿ ಕೆರೆದರೆ 1,200ರ ಚೀಟಿಯ ಕೆಳಗೆ ಇನ್ನೊಂದು ಚೀಟಿ ಸಿಗುತ್ತದೆ, ಅದರ ಮೇಲೆ 800. ಇದನ್ನೆಲ್ಲ ಅರಿತವರಂತೆ ಮಾತಾಡುವ ನಾವೇ 999 ಎಂದು ಕಂಡರೆ ‘ಒಂಬೈನೂರು ಚಿಲ್ಲರೆ’ ಎಂದು ಮನೆಯಲ್ಲಿ ಹೇಳುತ್ತೇವೆ. ಒಂದು ರೂಪಾಯಿಯೋ ಐದು ಪೈಸೆಯೋ ಕಡಿಮೆ ಮಾಡಿ ಬರೆಯುವ ಈ ಬುದ್ಧಿಗೆ ನಮ್ಮ ಕಡೆ ಇವತ್ತಿಗೂ ಬಾಟಾ ರೇಟು ಎಂದೇ ಹೆಸರು. ಆಮೇಲಾಮೇಲೆ ಸರ್ಕಾರವೂ ಅದಕ್ಕೆ ಒತ್ತಾಸೆಯಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸಾವಿರ ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಸಾವಿರ ದಾಟಿದರೆ ಶೇ 12 ತೆರಿಗೆ ಎಂದಾಯಿತು. ಲೆಕ್ಕ ಹಿಡಿಯುವುದು ರಿಯಾಯಿತಿ ಕಳೆದು ಮಾರಿದ ಬೆಲೆಯ ಮೇಲೆ. ಹೀಗಾಗಿ 1,200ರ ಷರ್ಟನ್ನು 950ಕ್ಕೆ ಇಳಿಸಿದರೆ ಗಿರಾಕಿಗೆ ಎರಡು ಕಡೆ ಉಳಿತಾಯವಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ಗೆರೆ 2,500ಕ್ಕೆ ಸರಿಯಿತು, ಅದನ್ನು ದಾಟಿದರೆ ಶೇ 18. ಇನ್ನು ಮೇಲೆ 2,499ರ ಚೀಟಿಗಳನ್ನು ಎಣಿಸಲು ಕೂರಬೇಕು. ಜಿಎಸ್‌ಟಿಗೂ ಮೊದಲು ಇನ್ನೊಂದು ಆಟವೂ ನಡೆದಿತ್ತು. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯ ಮೇಲೆ ಶೇ 40 ಬಿಡುತ್ತೇವೆಂದು ಬೋರ್ಡು ಹಾಕಿ, ಬಿಲ್ಲಿನಲ್ಲಿ ಮತ್ತೆ ತೆರಿಗೆ ಸೇರಿಸುವುದು. 2017ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಅದು ತಪ್ಪು ವ್ಯಾಪಾರ ಎಂದು ಹೇಳಿತು. ನ್ಯಾಯ ಕೇಳಿ ಅಲ್ಲಿಯವರೆಗೆ ಹೋದ ಗಿರಾಕಿಗಳ ತಾಳ್ಮೆಗೆ ಕೈ ಮುಗಿಯಬೇಕು. ನಮ್ಮೂರಲ್ಲಿ ಆಗಿದ್ದರೆ ‘ಹಾಳಾಗೋಗ್ಲಿ ಬಿಡು, ಇನ್ನೊಂದು ಕರ್ಚೀಫ್ ಕೊಡು’ ಎಂದು ಅಲ್ಲೇ ರಾಜಿಯಾಗುತ್ತಿತ್ತು.

ಸುಳ್ಳಿಲ್ಲದ ರಿಯಾಯಿತಿಗಳೂ ಇಲ್ಲದಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಫೈಲೀನ್ಸ್ ಎಂಬ ದೊಡ್ಡ ಅಂಗಡಿಯವರು 1909ರ ಸುಮಾರಿಗೆ ನೆಲಮಾಳಿಗೆಯಲ್ಲಿ ಒಂದು ಮಾರಾಟ ಶುರು ಮಾಡಿದರು. ಅಲ್ಲಿ ಬೆಲೆ ತಾನಾಗಿಯೇ ಇಳಿಯುತ್ತಿತ್ತು. ಮಾಲು ಬಂದು 12 ದಿನವಾದರೆ ಶೇ 25 ಇಳಿತ, 18 ದಿನಕ್ಕೆ ಅರ್ಧ, 24 ದಿನಕ್ಕೆ ಮುಕ್ಕಾಲು. 30 ದಿನವಾದರೂ ಯಾರೂ ಒಯ್ಯದಿದ್ದರೆ ದಾನ. ಮಾಲು ಬಂದ ದಿನ ಯಾವುದೆಂದು ಎಲ್ಲರಿಗೂ ಕಾಣುತ್ತಿತ್ತು, ಯಾರಿಗೂ ಮೋಸವಿಲ್ಲ. ಕಾಯುವ ಧೈರ್ಯ ಇದ್ದವರಿಗೆ ಅಗ್ಗ, ಇಲ್ಲದವರಿಗೆ ಕೋಟು. ಇಂಥದ್ದೊಂದು ನಮ್ಮ ಹುಳಿಯಾರು ರಸ್ತೆಯಲ್ಲಿ ಇದ್ದಿದ್ದರೆ ನಮ್ಮವ್ವ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತು. ಒಳ್ಳೆಯ ಸೀರೆಯನ್ನು ಮೊದಲ ದಿನವೇ ಗಂಡಸರ ಚಡ್ಡಿಗಳ ರಾಶಿಯ ಅಡಿಗೆ ಸೇರಿಸಿ, ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದಳು.

ನಮ್ಮಲ್ಲಿ ಅಷ್ಟು ನೇರವಾದದ್ದು ಖಾದಿಯ ರಿಬೇಟು. ಖಾದಿಗೆ ಹತ್ತಿಯ ಬೆಲೆ, ನೂತವರ ಕೂಲಿ, ನೇಯ್ದವರ ಕೂಲಿ, ಸಂಸ್ಥೆಯ ಖರ್ಚು ಎಲ್ಲ ಸೇರಿಸಿ ವೆಚ್ಚಪಟ್ಟಿಯ ಪ್ರಕಾರ ದರ ಕಟ್ಟುವುದು ವಾಡಿಕೆ. ಅಕ್ಟೋಬರ್ 2ರಿಂದ ಬಿಡುತ್ತಿದ್ದ ರಿಯಾಯಿತಿಯ ದುಡ್ಡನ್ನು ಸರ್ಕಾರ ತುಂಬಿಕೊಡಬೇಕಿತ್ತು. 2010ರಲ್ಲಿ ಕೇಂದ್ರ ಸರ್ಕಾರ ಮಾರಾಟದ ಮೇಲಿನ ರಿಬೇಟಿನ ಬದಲು ಉತ್ಪಾದನೆಯ ಮೇಲೆ ನೆರವು ಕೊಡುವ ಪದ್ಧತಿ ತಂದಿತು. ನಮ್ಮ ಕಾಲದ ಮೇಷ್ಟರುಗಳೆಲ್ಲ ಗಾಂಧಿ ಜಯಂತಿಗೆ ಕಾದು ಜುಬ್ಬದ ಬಟ್ಟೆ ತರುತ್ತಿದ್ದರು. ಅವರ ದೇಶಭಕ್ತಿ ವರ್ಷವಿಡೀ ಇರುತ್ತಿತ್ತು, ಅಕ್ಟೋಬರಿನಲ್ಲಿ ಸ್ವಲ್ಪ ಹೆಚ್ಚು. ಅಸಲಿ ಮಾಲಿಗೆ ಅಸಲಿ ರಿಯಾಯಿತಿ ಬಂದರೆ ಜನ ಏನಾಗುತ್ತಾರೆಂಬುದನ್ನು 2023ರ ಏಪ್ರಿಲಿನಲ್ಲಿ ನಾಡೆಲ್ಲ ನೋಡಿತು. ಮಲ್ಲೇಶ್ವರದ ಮೈಸೂರು ಸಿಲ್ಕ್ ಮಾರಾಟದಲ್ಲಿ ಇಬ್ಬರು ಹೆಂಗಸರು ಜುಟ್ಟು ಹಿಡಿದುಕೊಂಡ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಸುತ್ತಲಿದ್ದವರು ಜಗಳ ಬಿಡಿಸಲು ಹೋಗದೆ ಸೀರೆ ಆರಿಸುತ್ತಲೇ ಇದ್ದರು, ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದು. 1912ರಿಂದ ನೇಯುತ್ತ ಬಂದ ಕಾರ್ಖಾನೆಯ ಸೀರೆ, ಅದರ ಬೆಲೆ ಎಷ್ಟೆಂಬುದು ಎಲ್ಲರಿಗೂ ಗೊತ್ತು, ಇಳಿದದ್ದು ಎಷ್ಟೆಂಬುದೂ ಗೊತ್ತು. ನಮ್ಮ ಜಿಲ್ಲೆಯದೇ ಆದ ಮೊಳಕಾಲ್ಮೂರು ರೇಷ್ಮೆಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ, ಆದರೆ ಅದಕ್ಕಾಗಿ ಜುಟ್ಟು ಹಿಡಿದವರ ಸುದ್ದಿ ಇನ್ನೂ ಬಂದಿಲ್ಲ. ಬರಲಿ ಎಂದು ಆಸೆ.

ಇಷ್ಟಾದರೂ ಆಷಾಢದ ರಿಯಾಯಿತಿಯ ಬಗ್ಗೆ ನನ್ನದೊಂದು ತಕರಾರಿದೆ. ಅದು ಬರುವ ತಿಂಗಳೇ ಸರಿಯಿಲ್ಲ. ಹೊಸದುರ್ಗ ಮಳೆ ನಂಬಿದ ಸೀಮೆ. ರಾಗಿ, ಸಾವೆ ಬಿತ್ತುವ ಮನೆಗಳಲ್ಲಿ ಆಷಾಢವೆಂದರೆ ಬೀಜ, ಗೊಬ್ಬರ, ಉಳುಮೆಯ ಬಾಡಿಗೆ ಎಂದು ಇದ್ದದ್ದೆಲ್ಲ ಹೊಲಕ್ಕೆ ಸುರಿದು ಮುಗಿಲು ನೋಡುವ ತಿಂಗಳು. ದುಡ್ಡು ಕಾಣುವುದು ಸುಗ್ಗಿಯಾದ ಮೇಲೆ. ಸುಗ್ಗಿಯಾದ ಮೇಲೆ ಮದುವೆಗಳು ಶುರು, ಆಗ ಅಂಗಡಿಯವರು ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಕೈಯಲ್ಲಿ ದುಡ್ಡಿದ್ದಾಗ ತುಟ್ಟಿ, ಇಲ್ಲದಾಗ ಅಗ್ಗ. ಹಾಗಾಗಿ ಆಷಾಢದ ಅಗ್ಗವನ್ನು ಮೊದಲಿಂದಲೂ ಉಂಡವರು ತಿಂಗಳ ಸಂಬಳದ ನಾವು. ಮೇಷ್ಟರು, ಗುಮಾಸ್ತರು, ನರ್ಸಮ್ಮನವರು, ಬ್ಯಾಂಕಿನವರು. ಹೊಲದವರಿಗೆ ಬೇರೆ ಏರ್ಪಾಡಿತ್ತು. ಅದರ ಹೆಸರು ಉದ್ರಿ.

ನಮ್ಮಪ್ಪನದು ಶ್ರೀರಾಂಪುರದ ಕಡೆಯ ಹಳ್ಳಿಯಲ್ಲಿ ಬೇಸಾಯ. ಅವರಿಗೆ ಪೇಟೆಯಲ್ಲಿ ಒಂದು ಅಂಗಡಿ ಕಟ್ಟು. ಬಿಳೀ ಗಾದಿ, ಮೂಲೆಯಲ್ಲಿ ದಿಂಬು, ಗೋಡೆಯ ತುಂಬ ಬಟ್ಟೆಯ ತಾನುಗಳು, ದೇವರ ಪಟದ ಕೆಳಗೆ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕ. ಹಿಂದೆ ಗೋಡೆಗೆ ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು. ಆ ಬೋರ್ಡಿನ ಕೆಳಗೆ ಕೂತೇ ಸಾವುಕಾರರು ಉದ್ರಿ ಬರೆಯುತ್ತಿದ್ದರು. ಹಬ್ಬಕ್ಕೆ ಬಟ್ಟೆ ಹರಿಸಲು ಹೋದಾಗ ಅಪ್ಪ ಬೆಲೆ ಕೇಳುತ್ತಿರಲಿಲ್ಲ. ಆಗ ನನಗದು ದೊಡ್ಡಸ್ತಿಕೆ ಅನ್ನಿಸಿತ್ತು. ಊರಿನಲ್ಲಿ ಬೆಲೆ ಕೇಳದೆ ಬಟ್ಟೆ ತರುವವರು ಎಷ್ಟು ಜನ? ಅಂಗಡಿಯವರು ‘ಇದು ತಗಳ್ರಿ, ಗಟ್ಟಿ ಬರ್ತೈತೆ’ ಎಂದದ್ದೇ ಮಾಲು, ಬರೆದದ್ದೇ ಬೆಲೆ. ಪರ್ರನೆ ಹರಿದು, ಅಳತೆಗಿಂತ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು, ‘ಹುಡುಗ ಬೆಳೀತಾನೆ’ ಅಂತ ನನ್ನ ಕೆನ್ನೆ ಹಿಂಡುತ್ತಿದ್ದರು. ಹೋದ ವರ್ಷದ ಬಾಕಿ ಪುಸ್ತಕದಲ್ಲಿ ಕೂತಿದ್ದವನಿಗೆ ಬೆಲೆ ಕೇಳುವ ಬಾಯಿ ಇರುವುದಿಲ್ಲ ಎಂಬುದು ನಾನು ಸಂಬಳ ಎಣಿಸತೊಡಗಿದ ಮೇಲೆ ತಿಳಿಯಿತು. ರಾಗಿ ಬಂದ ಮೇಲೆ ಅಪ್ಪ ತೀರಿಸುತ್ತಿದ್ದ ಮೊತ್ತದಲ್ಲಿ ಬಟ್ಟೆ ಎಷ್ಟು, ಬಡ್ಡಿ ಎಷ್ಟು ಎಂದು ಬಿಡಿಸಿ ಹೇಳಿದವರಿಲ್ಲ. ಆ ಕಾಲದಲ್ಲಿ ವ್ಯಾಪಾರಕ್ಕೆ ನಂಬಿಕೆ ಇತ್ತು, ಈಗ ಇಲ್ಲ ಎಂದು ಕೊರಗುವವರನ್ನು ಕಂಡಾಗ ನನಗೆ ಆ ಕೆಂಪು ಹೊದಿಕೆಯ ಪುಸ್ತಕ ನೆನಪಾಗುತ್ತದೆ. ನಂಬಿಕೆ ಇದ್ದದ್ದು ನಿಜ. ಅದಕ್ಕೂ ಒಂದು ದರ ಇತ್ತು.

ಚೌಕಾಸಿ ಮಾಡುತ್ತಿದ್ದವಳು ಅವ್ವ, ಅದೂ ಸಂತೆಯಲ್ಲಿ ಮಾತ್ರ. ಹುಣಸೆಹಣ್ಣು, ಬೆಣ್ಣೆ ಮಾರಿದ ಸ್ವಂತ ದುಡ್ಡು ಸೊಂಟದ ಎಲೆಯಡಿಕೆ ಚೀಲದಲ್ಲಿರುತ್ತಿತ್ತು, ಅದರ ಬಲ ಮಾತಿಗೆ ಬರುತ್ತಿತ್ತು. ನೆಲದ ಮೇಲೆ ಗೋಣಿತಾಟು ಹಾಸಿ ಸೀರೆ ಹರಡಿಕೊಂಡು ಕೂತವನ ಎದುರು ಅವಳು ಕೂರುವ ರೀತಿಯೇ ಬೇರೆ. ಬೇಕಾದ ಸೀರೆಯನ್ನು ಮೊದಲು ಮುಟ್ಟುತ್ತಲೇ ಇರಲಿಲ್ಲ. ಬೇಡದ್ದನ್ನೆಲ್ಲ ಬಿಚ್ಚಿಸಿ, ಒಂದಕ್ಕೆ ಬಣ್ಣ ಮಾಸಲು, ಇನ್ನೊಂದಕ್ಕೆ ಪನ್ನ ಕಮ್ಮಿ ಎಂದು ತಳ್ಳಿ, ಏಳುವಾಗ ಹೊಳೆದವಳ ಹಾಗೆ, ‘ಇದೆಂಥದಪ್ಪಾ ಇದು, ಇದನ್ನ ಎಷ್ಟಕ್ ಕೊಡ್ತೀಯ?’ ಎನ್ನುತ್ತಿದ್ದಳು. ಅವನು ನಲವತ್ತು ಎಂದರೆ ಇವಳು ಹದಿನೈದು. ಅವನು ದೇವರಾಣೆ ಇಡುವನು, ಇವಳು ನಾಲ್ಕು ಹೆಜ್ಜೆ ನಡೆಯುವಳು. ‘ಬಾರವ್ವೋ, ಬಾ, ಬೋಣಿ ಟೈಮು’ ಎಂದು ಅವನು ಕರೆಯುವನು. ಮಧ್ಯಾಹ್ನ ಮೂರಕ್ಕೆ ಯಾವ ಬೋಣಿಯೋ! ಇಪ್ಪತ್ತೆರಡಕ್ಕೆ ಮುಗಿಯುತ್ತಿತ್ತು. ದಾರಿಯಲ್ಲಿ ಅವಳ ಮುಖ ನೋಡಬೇಕಿತ್ತು. ಸೀರೆಯ ಖುಷಿಗಿಂತ ಆ ಹದಿನೆಂಟು ರೂಪಾಯಿಯ ಖುಷಿ. ಇಪ್ಪತ್ತೆರಡಕ್ಕೆ ಮಾರಲೆಂದೇ ಅವನು ನಲವತ್ತು ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಫ್ಲೆಕ್ಸಿನಲ್ಲಿ ಇವತ್ತು ‘50’ ಎಂದು ಬರೆದು ಹಾಕಿರುವುದು ಆ ಇಡೀ ಆಟದ ಕೊನೆಯ ಸಾಲನ್ನಷ್ಟೇ. ಆಡುವವರಿಬ್ಬರನ್ನೂ ತೆಗೆದು ಗೆದ್ದ ಲೆಕ್ಕ ಮಾತ್ರ ಉಳಿಸಿದ್ದಾರೆ.

ಬೆಲೆಯನ್ನು ಬಟ್ಟೆಯ ಮೇಲೇ ಒತ್ತಿದ ಕಾಲವೊಂದಿತ್ತು. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂದಾಗ 1943ರಲ್ಲಿ ಸರ್ಕಾರ ಹತ್ತಿ ಬಟ್ಟೆ, ನೂಲಿನ ಮೇಲೆ ನಿಯಂತ್ರಣ ಹೇರಿತು, ಮಿಲ್ಲುಗಳು ಬಟ್ಟೆಯ ಮೇಲೆ ದರ ಮುದ್ರಿಸಬೇಕಾಯಿತು. ನಮ್ಮಜ್ಜಿಗೆ ಅದು ‘ಕಂಟ್ರೋಲ್ ಕಾಲ’. ಅವಳ ಬಾಯಲ್ಲಿ ವಯಸ್ಸಿನ ಲೆಕ್ಕವೂ ಅದೇ, ‘ಕಂಟ್ರೋಲಿನಾಗೆ ಹುಟ್ಟಿದವನು’, ‘ಕಂಟ್ರೋಲು ಹೋದ ಮ್ಯಾಲೆ ಲಗ್ನ ಆದವಳು’. ಆಮೇಲೆ 1976ರಲ್ಲಿ ಕೇಂದ್ರ ಸರ್ಕಾರದ ಜನತಾ ಬಟ್ಟೆ ಯೋಜನೆ ಬಂತು. ಕೈಮಗ್ಗದವರಿಗೆ ಕೆಲಸ, ಬಡವರಿಗೆ ಅಗ್ಗದ ಸೀರೆ, ಪಂಚೆ, ನಡುವಿನ ನಷ್ಟ ಸರ್ಕಾರದ್ದು. ಜನತಾ ಸೀರೆ ಗಂಜಿ ಹಾಕಿದಷ್ಟು ದಿನ ಸೆಟೆದು ನಿಂತು, ಮೊದಲ 
ಒಗೆತಕ್ಕೇ ತನ್ನ ನಿಜರೂಪ ತೋರಿಸುತ್ತಿತ್ತು. ಅದನ್ನು ಉಟ್ಟವರನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು, ಅದೇ ಅದರ ತೊಂದರೆ. ಅಗ್ಗದ್ದು ಎಂದು ಮೈಮೇಲೆ ಬರೆದುಕೊಂಡು ತಿರುಗಲು ಯಾರಿಗೂ ಇಷ್ಟವಿಲ್ಲ. ಅವ್ವ ಅದನ್ನು ಹೊಲಕ್ಕೆ ಉಡುತ್ತಿದ್ದಳು, ಹೊಸದುರ್ಗಕ್ಕೆ ಬರುವಾಗ ಒಮ್ಮೆಯೂ ಉಡಲಿಲ್ಲ.

ಅಪ್ಪನ ಕಟ್ಟಿನ ಆ ಅಂಗಡಿಯಲ್ಲಿ ನಾನು ಕಂಡದ್ದೊಂದಿದೆ. ಗಾದಿಯ ಮೇಲೆ ಕೂರುತ್ತಿದ್ದವರು ಕೆಲವರು. ಅಪ್ಪನಂಥವರಿಗೆ ಜಗಲಿಯ ಅಂಚು. ನಮ್ಮೂರ ಕೇರಿಯ ಹೆಂಗಸರು ಬಂದರೆ ಮೆಟ್ಟಿಲ ಕೆಳಗೆ, ಬಿಸಿಲಲ್ಲಿ ನಿಲ್ಲಬೇಕು. ಅಂಗಡಿಯ ಹುಡುಗ ಸೀರೆಯನ್ನು ದೂರದಿಂದಲೇ ಎತ್ತಿ ತೋರಿಸುವನು. ಅವರು ಕಣ್ಣಲ್ಲೇ ಆರಿಸಬೇಕು, ಬೆರಳಲ್ಲಿ ಹಿಡಿದು ನೋಡುವಂತಿಲ್ಲ. ದುಡ್ಡು ಕೊಟ್ಟ ಮೇಲೆ ಸೀರೆಯನ್ನು ಅವರ ಸೆರಗಿಗೆ ಎಸೆಯುತ್ತಿದ್ದರು. ಎಸೆದ ಮೇಲೆ ಅದು ಅವರದು, ಹರಿದಿದ್ದರೂ, ಕಲೆಯಿದ್ದರೂ. ಅವರ ಬೆಲೆ, ನಮ್ಮ ಬೆಲೆ, ಗಾದಿಯ ಮೇಲಿನವರ ಬೆಲೆ ಒಂದೇ ಇದ್ದಿತೆಂದು ನನಗೆ ನಂಬಿಕೆಯಿಲ್ಲ. ಬೆಲೆ ಸಾವುಕಾರರ ತಲೆಯಲ್ಲಿರುತ್ತಿತ್ತು, ಮುಖ ನೋಡಿ ಹೊರಗೆ ಬರುತ್ತಿತ್ತು.

ದೂರದ ಪ್ಯಾರಿಸ್ಸಿನಲ್ಲಿ ಅರಿಸ್ಟೀಡ್ ಬೂಸಿಕೊ ಎಂಬಾತ 1852ರಲ್ಲಿ ಬಾನ್ ಮಾರ್ಷೆ ಅಂಗಡಿಯ ಪಾಲುದಾರನಾಗಿ ಸೇರಿ ತಂದ ಬದಲಾವಣೆ ಇದಕ್ಕೇ ಸಂಬಂಧಿಸಿದ್ದು. ಪ್ರತಿ ವಸ್ತುವಿನ ಮೇಲೂ ಬೆಲೆಯ ಚೀಟಿ, ಎಲ್ಲರಿಗೂ ಅದೇ ಬೆಲೆ. ಯಾರು ಬೇಕಾದರೂ ಒಳಗೆ ಬರಬಹುದು, ಮುಟ್ಟಿ ನೋಡಬಹುದು, ಏನೂ ಕೊಳ್ಳದೆ ಹೊರಡಬಹುದು, ಒಯ್ದದ್ದು ಬೇಡವೆನಿಸಿದರೆ ತಂದುಕೊಡಬಹುದು. ಜನವರಿಯ ಮಂಕು ತಿಂಗಳಲ್ಲಿ ಬಿಳಿ ಬಟ್ಟೆಗಳ ಅಗ್ಗದ ಮಾರಾಟವೂ ಅವರದೇ, ಅಂದರೆ ಅವರಿಗೂ ಒಂದು ಆಷಾಢ ಇತ್ತು. ಇಂಥ ದೊಡ್ಡ ಅಂಗಡಿ ಸುತ್ತಲಿನ ಸಣ್ಣ ಅಂಗಡಿಗಳನ್ನು ನುಂಗಿದ ಕಥೆಯನ್ನು ಎಮಿಲ್ ಜೋಲಾ 1883ರ ತನ್ನ ಕಾದಂಬರಿಯಲ್ಲಿ ಬರೆದ. ನಮ್ಮಲ್ಲೂ ಸಣ್ಣ ಅಂಗಡಿಯವರ ಗೋಳು ಸುಳ್ಳಲ್ಲ. ಕಟ್‌ಪೀಸ್ ಸೆಂಟರಿನವರು, ಸಂತೆಯಲ್ಲಿ ಗೋಣಿತಾಟು ಹಾಸುವವರು ಆಟೋದ ಮೈಕು ಕೇಳಿ ಹಲ್ಲು ಕಡಿಯುತ್ತಾರೆ. ಬಾಡಿಗೆ, ಕರೆಂಟು, ವರ್ಷವಿಡೀ ಬಾಗಿಲು ತೆಗೆದು ಕೂರುವುದು ಅವರಿಗೆ. ಹತ್ತು ದಿನಕ್ಕೆ ಬಂದು ಬಾಚಿಕೊಂಡು ಹೋಗುವುದು ಇವರು.

ಆದರೂ ಮಂಟಪದ ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ನನಗೆ ಬೇರೆಯೇ ಕಾಣುತ್ತದೆ. ಅವತ್ತು ಮೆಟ್ಟಿಲ ಕೆಳಗೆ ನಿಂತಿದ್ದವರ ಮೊಮ್ಮಕ್ಕಳು ಇಲ್ಲಿ ರಾಶಿಗೆ ಎರಡೂ ಕೈ ಹಾಕಿದ್ದಾರೆ. ಬಿಚ್ಚುತ್ತಾರೆ, ಮೈಮೇಲೆ ಹಾಕಿಕೊಂಡು ನೋಡುತ್ತಾರೆ, ಮೂಗು ಮುರಿದು ಎಸೆಯುತ್ತಾರೆ, ಫೋಟೊ ತೆಗೆದು ಅಕ್ಕನಿಗೆ ಕಳಿಸಿ ಉತ್ತರ ಬರುವವರೆಗೆ ಕಾಯುತ್ತಾರೆ. ಬ್ಯಾಂಕಿನ ಮೇಡಮ್ಮೋರು ಒಂದು ತುದಿ ಹಿಡಿದಿದ್ದರೆ ಇನ್ನೊಂದು ತುದಿಯನ್ನು ಕೂಲಿಗೆ ಹೋಗುವ ಹುಡುಗಿ ಹಿಡಿದು, ‘ನಾನ್ ಮೊದ್ಲು ನೋಡಿದ್ದು ಮೇಡಂ’ ಎನ್ನುತ್ತಾಳೆ. ಮೇಡಮ್ಮೋರು ಬಿಡುತ್ತಾರೆ. ಬಿಡದಿದ್ದರೆ ಮಲ್ಲೇಶ್ವರ! ಈಚೆಗೆ ದುಡ್ಡಿನ ತಿಂಗಳೂ ಸ್ವಲ್ಪ ಬದಲಾಗಿದೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಮನೆಯೊಡತಿಯ ಖಾತೆಗೆ 2,000 ರೂಪಾಯಿ ಬೀಳುತ್ತದೆ, ರಾಗಿ ಬಂದಿರಲಿ ಬಿಡಲಿ. ಬಿದ್ದಿದೆಯೋ ಇಲ್ಲವೋ ಎಂದು ಬ್ಯಾಂಕಿನ ಮುಂದೆ ನಿಂತು ಕೇಳುವುದೂ ಒಂದು ಕೆಲಸ, ಅದು ಬೇರೆ ಮಾತು. ಅದೇ ವರ್ಷದ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನಮ್ಮ ಕಡೆ ಓಡುವುದರಲ್ಲಿ ಖಾಸಗಿ ಬಸ್ಸುಗಳ ಪಾಲು ದೊಡ್ಡದು, ಆದ್ದರಿಂದ ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡು ಹೊರಡುವುದನ್ನು ಮತ್ತೋಡು, ಬಾಗೂರಿನ ಹೆಂಗಸರು ಕಲಿತಿದ್ದಾರೆ. ಆಷಾಢದಲ್ಲಿ ಬರಿಗೈಯಲ್ಲಿ ಮುಗಿಲು ನೋಡುತ್ತಿದ್ದ ಮನೆಗಳಿಂದ ಒಬ್ಬರಾದರೂ ಈಗ ಬಸ್ಸು ಹತ್ತುತ್ತಾರೆ. ಅಪ್ಪ ಕೇಳದೆ ಬಿಟ್ಟ ಬೆಲೆಯನ್ನು ಇವರು ಚೀಟಿ ತಿರುಗಿಸಿ ಓದುತ್ತಾರೆ, ಅರ್ಧ ಎಷ್ಟೆಂದು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಚೀಟಿಯಲ್ಲಿರುವುದು ಸುಳ್ಳೇ ಇರಬಹುದು. ಆ ಸುಳ್ಳು ಎಲ್ಲರಿಗೂ ಒಂದೇ.

ಹೋದ ಆಷಾಢದಲ್ಲಿ ನಮ್ಮ ಮನೆಯವರು ಕೊಡೋ ಸೀರೆಗಳ ಸಾಲಿನಲ್ಲಿದ್ದರು, ನಾನು ಗಲ್ಲಾದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಗಲ್ಲಾದಲ್ಲಿ ಕೂತಿದ್ದ ಹುಡುಗ ನಮ್ಮ ಕಡೆಯವನಲ್ಲ, ಆದರೆ ನಾಲ್ಕೇ ದಿನಕ್ಕೆ ‘ಐತೆ’, ‘ಇಲ್ಲ ಕಣಮ್ಮ’ ಕಲಿತಿದ್ದ. ಒಬ್ಬ ಅಜ್ಜಿ ಎರಡು ಸೀರೆ, ಮೊಮ್ಮಗನಿಗೊಂದು ಷರ್ಟು ತಂದಿಟ್ಟಳು. ಮೂರೂ ಸೇರಿ 750. ಅಜ್ಜಿ ಐನೂರರ ಒಂದು ನೋಟು, ನೂರರ ಎರಡು ಇಟ್ಟು, ಸರಿಹೋಯ್ತು ಎನ್ನುವಂತೆ ಕೈ ಒರೆಸಿಕೊಂಡಳು.

‘ಅಜ್ಜಿ, ಇನ್ನೂ ಐವತ್ತು. ಫಿಕ್ಸೆಡ್ ರೇಟು.’

‘ಗೊತ್ತು ಕಣಪ್ಪ. ಅದ್ಕೇ ಐವತ್ತೇ ಕಮ್ಮಿ ಕೊಟ್ಟಿರೋದು.’

ಹುಡುಗ ಚೀಟಿ ತೋರಿಸಿದ, ಬೋರ್ಡು ತೋರಿಸಿದ, ಕಂಪ್ಯೂಟರು ತೋರಿಸಿದ. ಅಜ್ಜಿ ಮೂರನ್ನೂ ನೋಡಿ ತಲೆದೂಗಿ, ಸೀರೆಗಳನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಾಕಿದಳು. ಹಿಂದಿನ ಸಾಲು ಕಿರುಚಾಡತೊಡಗಿತು. ಹುಡುಗ ಕರೆದ. ಅಜ್ಜಿ ಬಂದು ಸೊಂಟದ ಚೀಲದಿಂದ ಐವತ್ತು ತೆಗೆದುಕೊಟ್ಟಳು, ಇಷ್ಟು ಬೇಗ ಸೋತಳಲ್ಲ ಎಂದು ನನಗೆ ಬೇಜಾರಾಯಿತು. ಅಷ್ಟರಲ್ಲಿ ಅವಳು ಕೈ ನೀಡಿ, ‘ಚೀಲ?’ ಎಂದಳು.

‘ಚೀಲಕ್ಕೆ ಹತ್ತು ರೂಪಾಯಿ ಅಜ್ಜಿ.’

ಅಲ್ಲಿ ಶುರುವಾಯಿತು. ಜವಳಿ ಅಂಗಡಿಯ ಚೀಲಕ್ಕೆ ದುಡ್ಡು ಕೇಳಿದವರನ್ನು ತನ್ನ ಜನ್ಮದಲ್ಲಿ ಕಂಡಿಲ್ಲವೆಂದಳು. ತನ್ನ ಮಗಳ ಮದುವೆಗೆ ದಾವಣಗೆರೆಯಲ್ಲಿ ಜವಳಿ ತಂದಾಗ ಕೊಟ್ಟ ಬಟ್ಟೆ ಚೀಲ ಇವತ್ತಿಗೂ ರಾಗಿ ಮಿಲ್ಲಿಗೆ ಹೋಗಿ ಬರುತ್ತಿದೆಯೆಂದಳು. ಅರ್ಧಕ್ಕರ್ಧ ಬಿಡುವ ದೊಡ್ಡ ಮನುಷ್ಯರು ಹತ್ತು ರೂಪಾಯಿಗೆ ಬಾಯಿ ಬಿಡಬಾರದೆಂದು ಬುದ್ಧಿ ಹೇಳಿದಳು. ಸಾಲಿನಲ್ಲಿದ್ದವರು ಅಜ್ಜಿಯ ಕಡೆಯಾದರು, ನಮ್ಮ ಮನೆಯವರೂ ದೂರದಿಂದಲೇ ಒಂದು ಮಾತು ಸೇರಿಸಿದರು. ಹುಡುಗ ಮಾಲೀಕನಿಗೆ ಫೋನು ಹಚ್ಚುವ ಹಾಗೆ ಮಾಡಿ, ಹಚ್ಚದೆ, ಒಂದು ಚೀಲ ಕೊಟ್ಟ. ಅಜ್ಜಿ ಸೀರೆಗಳನ್ನು ಅದರೊಳಗೆ ಇಳಿಸಿ, ಷರ್ಟನ್ನು ಕೈಯಲ್ಲೇ ಹಿಡಿದುಕೊಂಡು, ‘ಹುಡುಗಂದಕ್ಕೆ?’ ಎಂದು ಮತ್ತೆ ಕೈ ನೀಡಿದಳು.